ಜೋಡಿ ಎಂದು ಕೊಟ್ಟರು, ಎರಡೂ ಹೆಣ್ಣಾಗಿದ್ದವು

ಕಳೆದ ತಿಂಗಳು ಪುತ್ತೂರು ಕಡೆಯ ಸಹೋದರಿಯೊಬ್ಬರಿಂದ ಎರಡು ಪುಟದ ಪತ್ರ ಬಂದಿದೆ. ಪತಿ ಗಲ್ಫ್‌ನಲ್ಲಿದ್ದಾರೆ. ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಮಕ್ಕಳು. ಮಕ್ಕಳ ಹಟಕ್ಕೆ ಎರಡು ವರ್ಷದ ಹಿಂದೆ ಒಂದು ಅಕ್ವೇರಿಯಂ ತಂದಿದ್ದರು. ಈಗ ಅದೇ ಮೀನುಗಳ ಮರಿ ಮಾಡಿ ಅಂಗಡಿಗೆ ಕೊಟ್ಟರೆ ಟ್ಯೂಷನ್ ಫೀಸಿನಷ್ಟಾದರೂ ಕೈಗೆ ಬಂದೀತು ಎಂಬ ಆಸೆ. ಅಂಗಡಿಯಿಂದ ಕ್ರಿಬ್ ಎಂಬ ಪುಟ್ಟ ಬಣ್ಣದ ಮೀನಿನ ಒಂದು ‘ಜೋಡಿ’ ತಂದರು. ಗೆರಟೆ ಕವುಚಿ ಇಟ್ಟರು. ಹದಿನೈದೇ ದಿನದಲ್ಲಿ ಗೆರಟೆಯೊಳಗೆ ಸಾಲಾಗಿ ಮೊಟ್ಟೆ! ಮಕ್ಕಳು ನೆರೆಮನೆಯವರನ್ನೆಲ್ಲ ಕರೆದು ತೋರಿಸಿದರು. ಮರುದಿನ ನೋಡಿದರೆ ಮೊಟ್ಟೆಗಳೆಲ್ಲ ಸುಣ್ಣದಂತೆ ಬಿಳಿ. ಮತ್ತೆ ಇಟ್ಟಿತು, ಮತ್ತೆ ಬಿಳಿ. ಮೂರನೆಯ ಸಲವೂ ಹಾಗೆಯೇ ಆದಾಗ ಅತ್ತೆ ‘ನಿನ್ನ ಕೈಗುಣವೇ ಸರಿಯಿಲ್ಲ’ ಎಂದುಬಿಟ್ಟರಂತೆ. ‘ಹೆಣ್ಣು ಮೀನಿಗೆ ಏನಾದರೂ ರೋಗವಿರಬಹುದೇ, ಔಷಧಿ ಇದೆಯೇ?’ ಎಂದು ಈ ಸಹೋದರಿ ಕೇಳಿದ್ದಾರೆ.

ಪತ್ರದ ಜೊತೆ ಅವರು ಕಳುಹಿಸಿದ ಫೋಟೋ ನೋಡಿದೆ. ರೋಗವೇನೂ ಇಲ್ಲ. ಕೈಗುಣವೂ ಸರಿಯಾಗಿಯೇ ಇದೆ. ಆ ಟ್ಯಾಂಕಿನಲ್ಲಿ ಇಲ್ಲದಿರುವುದು ಗಂಡು ಮೀನು. ಅಂಗಡಿಯವರು ಜೋಡಿ ಎಂದು ಕೊಟ್ಟದ್ದು ಎರಡು ಹೆಣ್ಣುಗಳನ್ನು. ಮೊಟ್ಟೆ ಒಡೆಯದಿದ್ದರೆ ಮೊದಲ ಅನುಮಾನ ಹೆಣ್ಣಿನ ಮೇಲೆಯೇ ಹೋಗುವುದು ಮೀನಿನ ವಿಷಯದಲ್ಲೂ ತಪ್ಪಿಲ್ಲ ನೋಡಿ!

ಇದೇ ವಿಷಯ ಕೇಳಿ ಬೇರೆ ಪತ್ರಗಳೂ ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ. ಸಿಕ್ಲಿಡ್ ಎಂಬ ದೊಡ್ಡ ಕುಟುಂಬದ ಪುಟಾಣಿ ಮೀನುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದು ಹೇಗೆ? ಈ ಕುಟುಂಬ ನಮಗೇನೂ ಅಪರಿಚಿತವಲ್ಲ. ಕೇರಳದಲ್ಲಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಇದೇ ಕುಟುಂಬದ್ದು. ನಮ್ಮ ಕರಾವಳಿಯ ನದಿಗಳಲ್ಲಿಯೇ ಇರುವ ಇದರ ಇನ್ನೊಂದು ಮೀನಿನ ಶಾಸ್ತ್ರೀಯ ಹೆಸರು ಎಟ್ರೊಪ್ಲಸ್ ಕೆನರೆನ್ಸಿಸ್. ಕೆನರಾ ಎಂಬ ನಮ್ಮ ಜಿಲ್ಲೆಗಳ ಹಳೆಯ ಹೆಸರನ್ನು ಅದು 1877ರಿಂದಲೂ ಹೊತ್ತುಕೊಂಡಿದೆ. ಆದರೆ ಮನೆಯ ಸಣ್ಣ ಟ್ಯಾಂಕಿಗೆ ಒಗ್ಗುವುದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾದ ಕುಳ್ಳ ಜಾತಿಗಳು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವವು ಮೂರು ಬಗೆ: ಕ್ರಿಬ್, ಅಪಿಸ್ಟೋ, ರಾಮ್. ಗಪ್ಪಿಯಂತೆ ಇವು ಮರಿ ಹಾಕಿ ಮರೆತುಬಿಡುವುದಿಲ್ಲ. ತಂದೆ ತಾಯಿ ಕಾವಲು ನಿಂತು ಮರಿಗಳನ್ನು ಮೇಯಿಸಿಕೊಂಡು ತಿರುಗುತ್ತವೆ. ಒಮ್ಮೆ ಆ ದೃಶ್ಯ ನೋಡಿದ ಮಕ್ಕಳು ಟಿವಿಯ ಮುಂದಿನಿಂದ ತಾವಾಗಿಯೇ ಎದ್ದು ಬರುತ್ತಾರೆ.

ಮೊದಲು ಕ್ರಿಬ್‌ನ ಬಗ್ಗೆಯೇ ಹೇಳುತ್ತೇನೆ. ಇದು ನೈಜೀರಿಯಾ ಮತ್ತು ಕ್ಯಾಮರೂನ್ ದೇಶಗಳ ನದಿ ತೊರೆಗಳ ಮೀನು. ಕ್ರಿಬ್ ಎಂಬ ಕರೆಯುವ ಹೆಸರು ಬಂದದ್ದು ಕ್ಯಾಮರೂನಿನ ಕ್ರಿಬಿ ಎಂಬ ಕಡಲತೀರದ ಊರಿನಿಂದ. ಶಾಸ್ತ್ರೀಯ ಹೆಸರು ಪೆಲ್ವಿಕಾಕ್ರೊಮಿಸ್ ಪುಲ್ಕರ್. ಗಂಡು ಸುಮಾರು ನಾಲ್ಕು ಇಂಚು ಬೆಳೆದರೆ ಹೆಣ್ಣು ಮೂರು ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ.

ನಾವೆಲ್ಲ ಕೋಳಿ ಸಾಕಿದವರು. ಹುಂಜಕ್ಕೆ ಬಣ್ಣ, ಹೇಂಟೆಗೆ ಬೂದು ಎಂದು ಕಣ್ಣಿಗೆ ರೂಢಿಯಾಗಿದೆ. ನವಿಲಿನದ್ದೂ ಅದೇ ಕಥೆ. ಅದೇ ಕಣ್ಣಿನಿಂದ ಕ್ರಿಬ್ ನೋಡಿದರೆ ಮೋಸ ಹೋಗುತ್ತೇವೆ. ಇಲ್ಲಿ ಹೊಟ್ಟೆಯ ಮೇಲೆ ಮಾಗಿದ ನೇರಳೆ ಹಣ್ಣಿನ ರಸ ಚೆಲ್ಲಿದಂತೆ ಕೆಂಪು ನೇರಳೆ ಬಣ್ಣ ತುಂಬಿಕೊಂಡು, ಬೆನ್ನಿನ ರೆಕ್ಕೆಗೆ ಚಿನ್ನದ ಅಂಚು ಇಟ್ಟುಕೊಂಡು ಮೆರೆಯುವುದು ಹೆಣ್ಣು. ಗಂಡನ್ನು ಒಲಿಸಿಕೊಳ್ಳಲು ಮುಂದಾಗುವುದೂ ಹೆಚ್ಚಾಗಿ ಅವಳೇ. ಮೈಯನ್ನು ಬಿಲ್ಲಿನಂತೆ ಬಾಗಿಸಿ ಹೊಟ್ಟೆಯ ಬಣ್ಣ ಎದುರಿಗೆ ಕಾಣುವಂತೆ ನಡುಗುತ್ತಾ ನಿಲ್ಲುತ್ತಾಳೆ. ಅಂಗಡಿಗೆ ಹೋದವರು ಸಾಮಾನ್ಯವಾಗಿ ‘ಬಣ್ಣ ಇರುವುದು ಗಂಡು, ಅದರ ಜೊತೆ ಇನ್ನೊಂದು ಕೊಡಿ’ ಎನ್ನುತ್ತಾರೆ. ಅಂಗಡಿಯ ಹುಡುಗನೂ ಚೆಂದ ಕಂಡ ಎರಡನ್ನು ಬಲೆಗೆ ಹಾಕುತ್ತಾನೆ. ಎರಡು ಹೆಣ್ಣು ಮನೆಗೆ ಬರುವುದು ಹೀಗೆ.

ಹಾಗಂತ ಬಣ್ಣದ ಹೊಟ್ಟೆ ಕಂಡದ್ದೆಲ್ಲ ಹೆಣ್ಣು ಎಂದು ತೀರ್ಮಾನಿಸಲೂ ಆಗದು. ಕೆಲವು ಗಂಡುಗಳ ಹೊಟ್ಟೆಯೂ ಗುಲಾಬಿಯಾಗುತ್ತದೆ, ಕೆಲವುಗಳ ಗಲ್ಲ ಕೆಂಪಾಗುತ್ತದೆ. ಬಾಲದ ಮೇಲಿನ ಕಪ್ಪು ಚುಕ್ಕೆ ಗಂಡಿನ ಗುರುತು ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ. ಚುಕ್ಕೆ ಇರುವ ಹೆಣ್ಣುಗಳೂ ಇವೆ, ಇಲ್ಲದ ಗಂಡುಗಳೂ ಇವೆ.

ಆದುದರಿಂದ ಬಣ್ಣ ಬಿಟ್ಟು ಅಂಚು ನೋಡಿ. ಬೆನ್ನಿನ ರೆಕ್ಕೆ ಬಾಲದ ಕಡೆಗೆ ಎಲ್ಲಿ ಕೊನೆಯಾಗುತ್ತದೋ ಅಲ್ಲಿ ಕಣ್ಣಿಡಿ. ಗಂಡಿನಲ್ಲಿ ಅದು ಚೂಪಾಗಿ, ಉದ್ದವಾಗಿ, ಬಾಲದ ಮೇಲಕ್ಕೆ ಚಾಚಿರುತ್ತದೆ. ಹೊಟ್ಟೆಯ ಹಿಂಭಾಗದ ಒಂಟಿ ರೆಕ್ಕೆಯೂ ಹಾಗೆಯೇ. ಹೆಣ್ಣಿನಲ್ಲಿ ಎರಡೂ ಮೊಟಕು, ತುದಿ ದುಂಡು. ಆಮೇಲೆ ಹೊಟ್ಟೆಯ ಕೆಳಗೆ ಜೋಡಿಯಾಗಿ ಇಳಿಬಿದ್ದಿರುವ ಚಿಕ್ಕ ರೆಕ್ಕೆಗಳನ್ನು ನೋಡಿ. ಗಂಡಿಗೆ ನೀಳವಾಗಿ ಮೊನಚಾಗಿ ಇರುತ್ತವೆ, ಹೆಣ್ಣಿಗೆ ಗಿಡ್ಡವಾಗಿ ಅಗಲವಾಗಿ ಕೆಂಪು ನೇರಳೆ ಬಣ್ಣದಲ್ಲಿರುತ್ತವೆ. ಬಾಲವೂ ಅಷ್ಟೆ, ಗಂಡಿನದ್ದು ನಡುವೆ ಚಾಚಿಕೊಂಡು ಎಲೆಯ ತುದಿಯಂತೆ, ಹೆಣ್ಣಿನದ್ದು ಬೀಸಣಿಗೆಯಂತೆ. ಮೈಕಟ್ಟನ್ನೂ ಹೋಲಿಸಿ. ಹೆಣ್ಣು ಮೋಟಾಗಿ ಹೊಟ್ಟೆ ತುಂಬಿಕೊಂಡಂತೆ ಇದ್ದರೆ ಗಂಡು ಉದ್ದಕ್ಕೆ, ಹಣೆ ತುಸು ಉಬ್ಬಿ ಇರುತ್ತದೆ.

ಮೀನು ಒಂದೆಡೆ ನಿಲ್ಲುವುದಿಲ್ಲ, ರೆಕ್ಕೆ ಬಿಚ್ಚುವುದೂ ಅದರ ಮನಸ್ಸು ಬಂದಾಗ ಮಾತ್ರ. ಹಾಗಾಗಿ ನಾನು ಮಾಡುವುದೇನೆಂದರೆ, ಟ್ಯಾಂಕಿನ ಮುಂದೆ ಕುಳಿತು ಮೊಬೈಲಿನಲ್ಲಿ ಹತ್ತಿಪ್ಪತ್ತು ಫೋಟೋ ತೆಗೆದು ಆಮೇಲೆ ನಿಧಾನವಾಗಿ ದೊಡ್ಡದು ಮಾಡಿ ನೋಡುವುದು. ಎರಡು ಬೆರಳಿನಿಂದ ಫೋಟೋ ಹಿಗ್ಗಿಸುವ ಕೆಲಸದಲ್ಲಿ ನನ್ನ ಮೊಮ್ಮಗಳು ನನಗಿಂತ ಚುರುಕು. ಈಗ ನಮ್ಮ ಮನೆಯಲ್ಲಿ ಗಂಡು ಹೆಣ್ಣು ಹೇಳುವವಳು ಅವಳೇ.

ಪುತ್ತೂರಿನ ಸಹೋದರಿಯ ಫೋಟೋದಲ್ಲಿ ಎರಡೂ ಮೀನಿನ ಬೆನ್ನಿನ ರೆಕ್ಕೆ ಮೊಟಕು, ಎರಡರ ಹೊಟ್ಟೆಯೂ ನೇರಳೆ. ಹಾಗಾದರೆ ಅವು ಜೊತೆಯಾಗಿ ಗೆರಟೆ ಸ್ವಚ್ಛ ಮಾಡಿದ್ದು, ಒಂದು ಒಳಗೆ ಕುಳಿತರೆ ಇನ್ನೊಂದು ಬಾಗಿಲು ಕಾದದ್ದು ಹೇಗೆ ಎಂದು ನೀವು ಕೇಳಬಹುದು. ಗಂಡು ಸಿಗದೆ ಹೋದಾಗ ಎರಡು ಹೆಣ್ಣುಗಳು ಹೀಗೆ ಕೂಡಿ ಬಾಳುವುದು ಈ ಮೀನುಗಳಲ್ಲಿ ಅಪರೂಪವೇನಲ್ಲ. ದೊಡ್ಡದಾದ ಹೆಣ್ಣು ಕಾವಲಿನ ಕೆಲಸ ವಹಿಸಿಕೊಳ್ಳುತ್ತದೆ. ನೋಡುವವರಿಗೆ ಗಂಡ ಹೆಂಡತಿಯ ಸಂಸಾರದಂತೆಯೇ ಕಾಣುತ್ತದೆ. ಫಲ ಕಟ್ಟದ ಮೊಟ್ಟೆಗಳು ಮಾತ್ರ ಒಂದೆರಡು ದಿನದಲ್ಲಿ ಬಿಳಿಯಾಗಿ ಬೂಸ್ಟು ಹಿಡಿಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಮೊಟ್ಟೆ ಬಿಳಿಯಾಗಲು ಗಂಡಿಲ್ಲದಿರುವುದೊಂದೇ ಕಾರಣವಲ್ಲ. ಹೊಸದಾಗಿ ಕೂಡಿದ ಜೋಡಿಯ ಮೊದಲ ಒಂದೆರಡು ಸಲದ ಮೊಟ್ಟೆಗಳು ಕೆಡುವುದುಂಟು. ನೀರು ತೀರಾ ಗಡಸಾದರೂ ಫಲ ಕಟ್ಟದೆ ಹೋಗಬಹುದು. ಆದರೆ ಮೂರು ಸಲವೂ ಒಂದು ಮೊಟ್ಟೆಯೂ ಉಳಿಯದಿದ್ದರೆ ಔಷಧಿ ಹುಡುಕುವ ಮೊದಲು ರೆಕ್ಕೆ ಪರೀಕ್ಷಿಸಿ. ಗೆರಟೆಯಲ್ಲಿ ಮೊಟ್ಟೆ ಎಂದಿಗಿಂತ ತೀರಾ ಹೆಚ್ಚಾಗಿ ಕಂಡರೆ, ಅಥವಾ ನಾಲ್ಕೈದು ದಿನದ ಅಂತರದಲ್ಲಿ ಮತ್ತೊಂದು ಕಂತು ಬಂದರೆ, ಇಡುವವರು ಇಬ್ಬರಿದ್ದಾರೆ ಎಂದೇ ಅನುಮಾನಿಸಬೇಕು. ಇನ್ನೂ ಖಚಿತ ಬೇಕಿದ್ದರೆ ಮೊಟ್ಟೆ ಇಡುವ ಒಂದೆರಡು ದಿನ ಮುಂಚೆ ಹೊಟ್ಟೆಯ ಅಡಿಯಲ್ಲಿ ಹೊರಚಾಚುವ ಪುಟ್ಟ ನಳಿಗೆಯನ್ನು ಗಮನಿಸಿ. ಹೆಣ್ಣಿನದ್ದು ದಪ್ಪವಾಗಿ ತುದಿ ಮೊಂಡಾಗಿರುತ್ತದೆ, ಗಂಡಿನದ್ದು ಸಪೂರವಾಗಿ ಚೂಪಾಗಿರುತ್ತದೆ. ಈ ಗುರುತು ಮೂರೂ ಬಗೆಯ ಮೀನುಗಳಿಗೆ ಅನ್ವಯಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕಾಣಸಿಗುವುದು ಆ ಕೆಲವು ದಿನಗಳಲ್ಲಿ ಮಾತ್ರ.

ಇನ್ನು ಅಪಿಸ್ಟೋ. ಪೂರ್ಣ ಹೆಸರು ಅಪಿಸ್ಟೋಗ್ರಾಮಾ, ಅಮೆಜಾನ್ ಮತ್ತಿತರ ದಕ್ಷಿಣ ಅಮೆರಿಕಾದ ನದಿಗಳ ಮೀನು. ಇದರಲ್ಲಿ ಹಲವಾರು ಜಾತಿಗಳಿದ್ದರೂ ನಮ್ಮಲ್ಲಿ ಹೆಚ್ಚಾಗಿ ಬರುವುದು ಕಕಟುವಾಯಿಡಿಸ್. ಕಾಕಟೂ ಗಿಳಿಯ ಜುಟ್ಟಿನಂತೆ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಎದ್ದು ನಿಲ್ಲುವುದರಿಂದ ಈ ಹೆಸರು. ಆ ಜುಟ್ಟು ಗಂಡಿನದ್ದು. ಕಿತ್ತಳೆ ಕೆಂಪು ಮಚ್ಚೆಗಳ ಬಾಲವೂ ಅವನದ್ದೇ. ಹೆಣ್ಣು ಅವನ ಅರ್ಧಕ್ಕಿಂತ ತುಸು ಹೆಚ್ಚು, ಎರಡು ಇಂಚಿನಷ್ಟು, ಮಾಸಲು ಹಳದಿ. ಅವಳ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳ ಮುಂದಿನ ಅಂಚಿನಲ್ಲಿ ಕಾಡಿಗೆ ಎಳೆದಂತೆ ಕಪ್ಪು ಗೆರೆ ಇರುತ್ತದೆ. ಮೊಟ್ಟೆ ಇಟ್ಟ ಮೇಲೆ ಮಾತ್ರ ಆ ಮಾಸಲು ಮೈ ಅರಿಶಿನ ಮೆತ್ತಿದಂತೆ ಹಳದಿಯಾಗಿ, ಕಪ್ಪು ಗುರುತುಗಳು ಎದ್ದು ಕಂಡು, ಯಾರೂ ಹತ್ತಿರ ಬಾರದಂತೆ ಹೆದರಿಸುವ ರೂಪ ತಾಳುತ್ತದೆ. ಅಗಾಸಿಜಿ ಎಂಬ ಇನ್ನೊಂದು ಜಾತಿಯಲ್ಲಿ ಬಾಲವೇ ಸಾಕು. ಗಂಡಿಗೆ ಭರ್ಜಿಯ ಮೊನೆಯಂತೆ ಚೂಪು, ಹೆಣ್ಣಿಗೆ ದುಂಡು.

ಇಷ್ಟು ವ್ಯತ್ಯಾಸವಿದ್ದ ಮೇಲೆ ತಪ್ಪುವುದೇ ಸಾಧ್ಯವಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಈ ಜಾತಿಯ ಒಂದು ಗಂಡಿಗೆ ಹಲವು ಹೆಣ್ಣು ಬೇಕು ಎಂದು ಓದಿ, ಒಂದು ಗಂಡು ಮೂರು ಹೆಣ್ಣು ಆರಿಸಿ ತಂದೆ. ಎರಡು ಹೆಣ್ಣುಗಳು ತಲಾ ಒಂದು ಗೆರಟೆ ಹಿಡಿದವು. ಮೂರನೆಯದು ಮಾತ್ರ ಮೂಲೆಯಲ್ಲಿ ಗಿಡದ ಮರೆಗೇ ಇರುತ್ತಿತ್ತು. ಬಂಜೆ ಇರಬೇಕು ಎಂದುಕೊಂಡೆ. ಆರು ತಿಂಗಳ ಬಳಿಕ ಗಂಡು ಮೀನು ಟ್ಯಾಂಕಿನಿಂದ ಹಾರಿ ಸತ್ತುಹೋಯಿತು. ಮುಚ್ಚಳ ಸರಿಯಾಗಿ ಇಡದ ತಪ್ಪು ನನ್ನದೇ. ಅದಾಗಿ ಮೂರು ವಾರಕ್ಕೆ ಆ ‘ಬಂಜೆ’ಯ ಬೆನ್ನಿನ ಮೇಲೆ ಜುಟ್ಟು ಮೂಡತೊಡಗಿತು! ಬಾಲಕ್ಕೆ ಕಿತ್ತಳೆ ಬಣ್ಣ ಬಂತು, ಮೈ ಬೆಳೆಯಿತು. ಅದು ಮೊದಲಿನಿಂದಲೂ ಗಂಡೇ. ದೊಡ್ಡ ಗಂಡಿನ ಏಟು ತಪ್ಪಿಸಿಕೊಳ್ಳಲು ಹೆಣ್ಣಿನ ವೇಷದಲ್ಲಿ ದಿನ ದೂಡುತ್ತಿತ್ತು. ಬಲವಾದ ಗಂಡು ಇರುವಲ್ಲಿ ಕಿರಿಯ ಗಂಡುಗಳು ಹೀಗೆ ಬಣ್ಣ ಅಡಗಿಸಿಕೊಂಡು ಬೆಳವಣಿಗೆಯನ್ನೇ ತಡೆದುಕೊಂಡಿರುವುದು ಅಪಿಸ್ಟೋಗಳಲ್ಲಿ ಚೆನ್ನಾಗಿ ತಿಳಿದಿರುವ ಸಂಗತಿ. ಇಂಥ ವೇಷಧಾರಿ ಸಮಯ ನೋಡಿ ಹೆಣ್ಣಿನ ಗೆರಟೆಗೆ ನುಗ್ಗುವುದೂ ಉಂಟು. ಅಂಗಡಿಯ ಟ್ಯಾಂಕಿನಲ್ಲಿ ಒಂದು ಬಣ್ಣದ ಗಂಡು, ಸುತ್ತ ಇಪ್ಪತ್ತು ಸಣ್ಣ ಮಾಸಲು ಮೀನು ಇದ್ದರೆ ಆ ಇಪ್ಪತ್ತೂ ಹೆಣ್ಣಲ್ಲ ಎಂಬುದು ನೆನಪಿರಲಿ. ಕಾಡಿಗೆಯಂಥ ಕಪ್ಪು ಗೆರೆ ಸ್ಪಷ್ಟವಾಗಿರುವ, ಹೊಟ್ಟೆ ತುಂಬಿದ, ಬೇರೆಯವರ ಮೇಲೆ ಏರಿ ಹೋಗುವ ಹಳದಿ ಮೀನನ್ನೇ ಆರಿಸಿ. ಮರೆಯಲ್ಲಿ ಅವಿತಿರುವುದನ್ನು ಬಿಟ್ಟುಬಿಡಿ.

ಗಂಡು ಹೆಣ್ಣು ಸರಿಯಾಗಿ ಗುರುತಿಸದಿದ್ದರೆ ಇಲ್ಲಿ ಜೀವಹಾನಿಯೂ ಆಗುತ್ತದೆ. ಒಂದೂವರೆ ಅಡಿಯ ಟ್ಯಾಂಕಿನಲ್ಲಿ ಎರಡು ಗಂಡು ಸೇರಿದರೆ ಸೋತದ್ದಕ್ಕೆ ಓಡಲು ಜಾಗವಿಲ್ಲ. ಬೆಳಗ್ಗೆ ಎದ್ದು ನೋಡಿದರೆ ರೆಕ್ಕೆ ಹರಿದು ತೇಲುತ್ತಿರುತ್ತದೆ. ಮೊಟ್ಟೆ ಇಟ್ಟ ಹೆಣ್ಣು ಕೂಡ ತನ್ನ ಎರಡು ಪಟ್ಟು ದೊಡ್ಡ ಗಂಡನ್ನು ಕಚ್ಚಿ ಕೊಲ್ಲಬಲ್ಲದು. ಸಣ್ಣ ಟ್ಯಾಂಕಾದರೆ ಮೊಟ್ಟೆ ಕಂಡ ದಿನವೇ ಗಂಡನ್ನು ಬೇರೆ ಮಾಡಿ.

ಮೂರನೆಯದು ರಾಮ್. ಟಗರಿಗೂ ಇದಕ್ಕೂ ಸಂಬಂಧವಿಲ್ಲ. ವೆನೆಜುವೆಲಾ ಮತ್ತು ಕೊಲಂಬಿಯಾದ ಒರಿನೊಕೊ ನದಿ ಬಯಲಿನ ಈ ಮೀನಿಗೆ 1948ರಲ್ಲಿ ಹೆಸರಿಡುವಾಗ, ಹಿಡಿದು ತಂದವರಲ್ಲೊಬ್ಬರಾದ ಮಾನ್ಯುಯೆಲ್ ರಾಮಿರೆಜ್ ಅವರ ಹೆಸರನ್ನು ಸೇರಿಸಿದರು. ಅದೇ ಮೊಟಕಾಗಿ ರಾಮ್ ಆಯಿತು. ಮೂರರಲ್ಲಿ ಗುರುತು ಹಿಡಿಯಲು ಕಷ್ಟವಾದದ್ದು ಇದೇ, ಯಾಕೆಂದರೆ ಗಂಡು ಹೆಣ್ಣು ಎರಡೂ ನೀಲಿ ಮಿನುಗಿನವು. ಹೆಣ್ಣಿನ ಹೊಟ್ಟೆ ಗುಲಾಬಿಯಾಗಿರುತ್ತದೆ. ಮೈಯ ನಡುವಿನ ಕಪ್ಪು ಮಚ್ಚೆಯೊಳಗೆ ನೀಲಿ ಹೊಳಪಿನ ಹುರುಪೆಗಳು ಚದುರಿದ್ದರೆ ಸಾಮಾನ್ಯವಾಗಿ ಹೆಣ್ಣು, ಮಚ್ಚೆ ಅಚ್ಚ ಕಪ್ಪಾಗಿದ್ದರೆ ಗಂಡು. ಗಂಡಿನ ಬೆನ್ನಿನ ರೆಕ್ಕೆಯ ಮುಂದಿನ ಕಡ್ಡಿಗಳು ಉದ್ದ. ಆದರೆ ಸಾಕಣೆ ಕೇಂದ್ರಗಳಲ್ಲಿ ತಲೆಮಾರುಗಟ್ಟಲೆ ಬೆಳೆಸಿದ ಮೀನುಗಳಲ್ಲಿ ಈ ಗುರುತುಗಳೆಲ್ಲ ಕಲಸುಮೇಲೋಗರವಾಗಿವೆ. ಗೋಲ್ಡನ್ ರಾಮ್‌ನಲ್ಲಿ ಆ ಕಪ್ಪು ಮಚ್ಚೆಯೇ ಇಲ್ಲ, ಇನ್ನು ನೋಡುವುದೇನನ್ನು? ಬೇಗ ಬಣ್ಣ ಬರಲೆಂದು ಹಾರ್ಮೋನು ಕೊಟ್ಟು ಬೆಳೆಸಿದ ಮೀನುಗಳೂ ಮಾರುಕಟ್ಟೆಗೆ ಬರುತ್ತವೆ. ಅವು ಮನೆಗೆ ಬಂದ ಮೇಲೆ ಬಣ್ಣ ಕಳೆದುಕೊಳ್ಳುವುದಲ್ಲದೆ ಮರಿ ಮಾಡಲೂ ಪ್ರಯೋಜನಕ್ಕೆ ಬಾರದೆ ಹೋಗಬಹುದು. ಅಂಗೈಯಷ್ಟು ಟ್ಯಾಂಕಿನಲ್ಲಿ ಒಂದು ಇಂಚಿನ ಮರಿಗಳೇ ಝಗಝಗಿಸುತ್ತಿದ್ದರೆ ನಾನು ಕೊಳ್ಳುವುದಿಲ್ಲ. ಬಲೂನ್ ರಾಮ್ ಎಂದು ಬೆನ್ನು ಮೂಳೆ ಕುಗ್ಗಿಸಿ ಉಂಡೆ ಮಾಡಿದ ತಳಿಯೊಂದಿದೆ. ಈಜಲು ಕಷ್ಟಪಡುವ ಆ ಬಡಪಾಯಿಯನ್ನು ಚೆಂದ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಕಲಿತು, ಸರಿಯಾದ ಗಂಡು ಹೆಣ್ಣು ಕೂಡಿಸಿ, ಮರಿ ಮಾಡಿ, ಬೆಳೆಸಿದ ಮೇಲೂ ನಾನೊಮ್ಮೆ ಸೋತಿದ್ದೇನೆ. ಅದನ್ನು ಹೇಳದಿದ್ದರೆ ಈ ಲೇಖನ ಅರ್ಧವೇ ಆದೀತು.

ನನ್ನ ಕ್ರಿಬ್ ಜೋಡಿಯ ಮೊದಲ ಸಂಸಾರದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮರಿ ಉಳಿದವು. ಐದು ತಿಂಗಳು ಕಳೆದು ಗಂಡು ಹೆಣ್ಣು ಬೇರ್ಪಡಿಸಲು ಕುಳಿತಾಗ ಎರಡು ಬಕೆಟ್ ಇಟ್ಟುಕೊಂಡೆ. ಒಂದು ಬಕೆಟ್ ತುಂಬುತ್ತಾ ಹೋಯಿತು, ಇನ್ನೊಂದರಲ್ಲಿ ಒಂಬತ್ತು ಮೀನು. ಉಳಿದದ್ದೆಲ್ಲ ಗಂಡು. ಅಂಗಡಿಯವರು ‘ಜೋಡಿಯಾದರೆ ಕೊಡಿ, ಬರೇ ಗಂಡು ಬೇಡ’ ಎಂದರು. ಒಂಬತ್ತು ಜೋಡಿ ಹೋಯಿತು. ಉಳಿದವುಗಳ ಆಹಾರಕ್ಕೆ ಮಾಡಿದ ಖರ್ಚೂ ಹುಟ್ಟಲಿಲ್ಲ. ಗಂಡು ಹೆಚ್ಚು ಹುಟ್ಟಿದರೆ ಹಿಗ್ಗುವ ಜನ ನಾವು. ಆ ದಿನ ಮಾತ್ರ ಹೆಣ್ಣು ಮರಿಯ ಬೆಲೆ ನನಗೆ ಚೆನ್ನಾಗಿ ಗೊತ್ತಾಯಿತು.

ಕಾರಣ ನಮ್ಮ ಬಾವಿಯ ನೀರು. ಕ್ರಿಬ್ ಮರಿಗಳು ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮೊಟ್ಟೆಯಲ್ಲೇ ಪೂರ್ತಿ ತೀರ್ಮಾನವಾಗಿರುವುದಿಲ್ಲ. ಹುಟ್ಟಿದ ಮೊದಲ ಒಂದು ತಿಂಗಳು ಅವು ಬೆಳೆಯುವ ನೀರಿಗೂ ಅದರಲ್ಲಿ ಪಾಲಿದೆ. ನೀರು ಹುಳಿಯೋ ಅಲ್ಲವೋ ಎಂದು ಅಳೆಯುವ ಪಿಎಚ್ ಎಂಬ ಅಂಕಿ ಇದೆಯಲ್ಲ, ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಗೊತ್ತಿರುತ್ತದೆ. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹೋದಷ್ಟೂ ಆಮ್ಲೀಯ. ಆಮ್ಲೀಯ ನೀರಿನಲ್ಲಿ ಬೆಳೆದ ಕ್ರಿಬ್ ಮರಿಗಳಲ್ಲಿ ಗಂಡುಗಳೇ ಹೆಚ್ಚು, 7ರ ಆಸುಪಾಸಿನಲ್ಲಿ ಹೆಣ್ಣುಗಳ ಪಾಲು ಏರುತ್ತದೆ. ರೂಬಿನ್ ಎಂಬ ಸಂಶೋಧಕರು 1985ರಲ್ಲೇ ಇದನ್ನು ಪ್ರಕಟಿಸಿದ್ದಾರೆ, 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ನೀರಿನ ಪಿಎಚ್‌ಗೆ ಈ ಪ್ರಭಾವ ಇದೆಯೆಂದು ತೋರಿಸಿದೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಹೆಚ್ಚಾಗಿ ಮೃದು, ತುಸು ಆಮ್ಲೀಯ. ಅದಕ್ಕೆ ಸಾಲದೆಂಬಂತೆ, ಮೀನಿಗೆ ಒಳ್ಳೆಯದೆಂದು ಕೇಳಿ ನಾನು ಒಣಗಿದ ಕಾಡುಬಾದಾಮಿ ಎಲೆಗಳನ್ನೂ ಹಾಕಿದ್ದೆ. ಅವು ನೀರನ್ನು ಇನ್ನಷ್ಟು ಆಮ್ಲೀಯ ಮಾಡುತ್ತವೆ.

ಅಪಿಸ್ಟೋಗಳಲ್ಲಿ ನೀರಿನ ಬಿಸಿಯ ಪಾತ್ರ ಹೆಚ್ಚು. 1996ರಲ್ಲಿ ಜರ್ಮನಿಯ ರೋಮರ್ ಮತ್ತು ಬೈಸೆನ್‌ಹರ್ಜ್ ಎಂಬ ಸಂಶೋಧಕರು 37 ಜಾತಿಯ ಅಪಿಸ್ಟೋಗಳ ಮರಿಗಳನ್ನು ಬೇರೆ ಬೇರೆ ಶಾಖದಲ್ಲಿ ಬೆಳೆಸಿ ನೋಡಿದ್ದನ್ನು ಪ್ರಕಟಿಸಿದರು. ಬಹುಪಾಲು ಜಾತಿಗಳಲ್ಲಿ 29 ಡಿಗ್ರಿಯ ನೀರಿನಲ್ಲಿ ಗಂಡುಗಳು ಹೆಚ್ಚಾದವು, 23 ಡಿಗ್ರಿಯಲ್ಲಿ ಹೆಣ್ಣುಗಳು ಹೆಚ್ಚಾದವು. ಏಪ್ರಿಲ್ ಮೇ ತಿಂಗಳ ನಮ್ಮ ಸೆಕೆಯಲ್ಲಿ ಟ್ಯಾಂಕಿನ ನೀರು ಎಷ್ಟು ಬಿಸಿಯಿರುತ್ತದೆ ಎಂದು ಬೆರಳು ಅದ್ದಿದರೇ ತಿಳಿಯುತ್ತದೆ. ಆದುದರಿಂದ ಅಪಿಸ್ಟೋ ಮರಿ ಮಾಡುವುದಿದ್ದರೆ ಮಳೆಗಾಲವೋ ಡಿಸೆಂಬರ್ ಜನವರಿಯೋ ಆಗಲಿ. 26 ಡಿಗ್ರಿಯ ಹತ್ತಿರ ಇದ್ದರೆ ಎರಡೂ ಸಿಗುವ ಸಂಭವ ಹೆಚ್ಚು.

ಕ್ರಿಬ್‌ಗೆ ನಾನು ಕಂಡುಕೊಂಡ ಉಪಾಯ ಅಡುಗೆಮನೆಯದ್ದೇ. ಮರುವಾಯಿ ಸುಕ್ಕ ಮಾಡಿದ ದಿನ ಉಳಿಯುವ ಚಿಪ್ಪುಗಳನ್ನು ಎಸೆಯಬೇಡಿ. ಚೆನ್ನಾಗಿ ಉಜ್ಜಿ ತೊಳೆದು, ಎರಡು ನೀರು ಬದಲಿಸಿ ಕುದಿಸಿ, ಬಿಸಿಲಿಗೆ ಒಣಗಿಸಿ. ಎಣ್ಣೆ ಮಸಾಲೆಯ ಪಸೆ ಒಂದಿಷ್ಟೂ ಇರಬಾರದು. ಪುಡಿ ಮಾಡಿ ಒಂದು ಹಿಡಿಯಷ್ಟನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫಿಲ್ಟರಿನ ನೀರು ಹರಿಯುವಲ್ಲಿ ಇಡಿ. ಆಮ್ಲೀಯ ನೀರಿನಲ್ಲಿ ಚಿಪ್ಪಿನ ಸುಣ್ಣ ನಿಧಾನವಾಗಿ ಕರಗಿ ಪಿಎಚ್ ಮೇಲೇರುತ್ತದೆ. ಮೀನು ಅಂಗಡಿಗಳಲ್ಲಿ ಸಿಗುವ ಪಿಎಚ್ ಪರೀಕ್ಷೆಯ ದ್ರಾವಣದಿಂದ ವಾರಕ್ಕೆರಡು ಸಲ ನೋಡುತ್ತಿರಿ. 7ರ ಹತ್ತಿರ ನಿಂತರೆ ಸಾಕು. ಗಡಿಬಿಡಿ ಮಾಡಿ ಒಂದೇ ದಿನ ಏರಿಸಿದರೆ ಮರಿಗಳು ಸಾಯುತ್ತವೆ. ಆದುದರಿಂದ ಮೊಟ್ಟೆ ಇಡುವ ಮೊದಲೇ ನೀರು ಹದ ಮಾಡಿಟ್ಟು, ಮರಿಗಳಿಗೆ ಒಂದು ತಿಂಗಳು ತುಂಬುವವರೆಗೆ ಹಾಗೆಯೇ ಕಾಪಾಡಿಕೊಳ್ಳಿ. ಬದಲಿಸುವ ನೀರನ್ನೂ ಚಿಪ್ಪು ಹಾಕಿದ ಇನ್ನೊಂದು ಬಕೆಟ್ಟಿನಲ್ಲಿ ಮೊದಲೇ ಇಟ್ಟಿರಬೇಕು. ನನ್ನ ಎರಡನೆಯ ಸಂಸಾರದಲ್ಲಿ ಐವತ್ತೆರಡು ಮರಿಗಳಲ್ಲಿ ಇಪ್ಪತ್ತೆಂಟು ಹೆಣ್ಣು. ರಾಮ್‌ಗೆ ಮಾತ್ರ ಈ ಚಿಪ್ಪಿನ ಪ್ರಯೋಗ ಮಾಡಬೇಡಿ, ಅದಕ್ಕೆ ಮೃದು ನೀರೇ ಬೇಕು.

ಈಗ ಪುತ್ತೂರಿನ ಸಹೋದರಿಗೆ. ಆ ಎರಡು ಹೆಣ್ಣುಗಳನ್ನು ವಾಪಸು ಕೊಡಲು ಹೋಗಬೇಡಿ, ಅವು ಆರೋಗ್ಯವಾಗಿವೆ, ಮೊಟ್ಟೆ ಇಡುತ್ತಿವೆ. ಅವಕ್ಕೊಂದು ಗಂಡು ತರುತ್ತೇನೆಂದು ಅಂಗಡಿಗೆ ಹೋದರೆ ಮತ್ತೆ ಅದೇ ‘ಜೋಡಿ’ಯ ಮಾತಿಗೆ ಸಿಗುತ್ತೀರಿ. ಬದಲಿಗೆ ಒಂದು ಇಂಚಿನ ಆರು ಮರಿಗಳನ್ನು, ಸಾಧ್ಯವಾದರೆ ಎರಡು ಬೇರೆ ಅಂಗಡಿಗಳಿಂದ ಮೂರು ಮೂರರಂತೆ ತನ್ನಿ. ಒಂದೇ ಸಂಸಾರದ ಆರು ತಂದರೆ ನನ್ನ ಬಕೆಟ್ಟಿನಂತೆ ಆರೂ ಗಂಡಾಗಿಬಿಡಬಹುದು. ಆ ವಯಸ್ಸಿನಲ್ಲಿ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಅಂಗಡಿಯವರಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಆರು ಮರಿಗಳ ಬೆಲೆ ಹೆಚ್ಚಾಗಿ ಒಂದು ದೊಡ್ಡ ಜೋಡಿಯ ಬೆಲೆಗಿಂತ ಬಹಳ ದೂರವೇನೂ ಇರುವುದಿಲ್ಲ. ಮೂರು ಅಡಿಯ ಟ್ಯಾಂಕಿನಲ್ಲಿ ನಾಲ್ಕು ಗೆರಟೆ ಇಟ್ಟು ನಾಲ್ಕೈದು ತಿಂಗಳು ಬೆಳೆಸಿ. ಬೆನ್ನಿನ ರೆಕ್ಕೆ ಚೂಪಾಗುತ್ತಾ ಬರುವುದನ್ನು ನೀವೇ ನೋಡುವಿರಿ. ಕೂಡಬೇಕಾದ ಎರಡು ಮೀನುಗಳು ತಾವಾಗಿಯೇ ಬಂದು ಒಂದು ಗೆರಟೆ ಹಿಡಿದು, ಉಳಿದವನ್ನು ಅಟ್ಟತೊಡಗುತ್ತವೆ. ಅಂದೇ ಉಳಿದವನ್ನು ಬೇರೆ ಟ್ಯಾಂಕಿಗೆ ಹಾಕಿ. ಅವುಗಳಲ್ಲಿನ ಒಂದು ಗಂಡನ್ನು ನಿಮ್ಮ ಹಳೆಯ ಹೆಣ್ಣುಗಳಲ್ಲಿ ದೊಡ್ಡದಾದುದರ ಜೊತೆ ಬಿಡಿ. ಮೊದಲ ವಾರ ನಡುವೆ ಜಾಲರಿ ಹಾಕಿ ಒಬ್ಬರನ್ನೊಬ್ಬರು ನೋಡುವಂತೆ ಮಾಡಿದರೆ ಕಚ್ಚಾಟ ಕಡಿಮೆ.

ಹೆಚ್ಚಾದ ಗಂಡುಗಳನ್ನು ಏನು ಮಾಡುವುದು ಎಂದು ಈಗಲೇ ಯೋಚಿಸಿಡಿ. ಅಂಗಡಿಯವರು ಬೇಡವೆಂದರೆ ನೆಂಟರ ಮನೆಯ ಮಕ್ಕಳಿಗೆ ಒಂದೊಂದು ಕೊಡಬಹುದು, ಒಂಟಿಯಾಗಿದ್ದರೆ ಕ್ರಿಬ್ ಗಂಡು ಬೇರೆ ಮೀನುಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ಪಾಪ, ಬದುಕಿಕೊಳ್ಳಲಿ ಎಂದು ಹೊಳೆಗೋ ಕೆರೆಗೋ ಬಿಡಬೇಡಿ. ಕೆನರಾದ ಹೆಸರು ಹೊತ್ತ ನಮ್ಮದೇ ಮೀನಿನ ಮನೆ ಅದು.

ಮೊಟ್ಟೆಯಿಂದ ಮರಿ ಬರಲು ಎರಡು ಮೂರು ದಿನ, ಅವು ಈಜಲು ಇನ್ನೂ ನಾಲ್ಕೈದು ದಿನ ಬೇಕು. ಆ ದಿನಗಳಲ್ಲಿ ಗೆರಟೆ ಎತ್ತಿ ನೋಡುವ ಆಸೆಯನ್ನು ಮಕ್ಕಳೂ ಅತ್ತೆಯವರೂ ತಡೆದುಕೊಳ್ಳಲಿ, ಬೆದರಿದ ತಾಯಿ ಮರಿಗಳನ್ನೇ ತಿಂದುಬಿಡುತ್ತದೆ. ಈಜಲು ಶುರುವಾದ ಮೇಲೆ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಅದನ್ನು ಮನೆಯಲ್ಲೇ ಉಪ್ಪುನೀರಿನ ಬಾಟ್ಲಿಯಲ್ಲಿ ಮಾಡಿಕೊಳ್ಳುವ ಕ್ರಮವನ್ನು ಮುಂದಿನ ತಿಂಗಳು ಬರೆಯುತ್ತೇನೆ.